ಗುರುಪಾದಪ್ಪನವರ ಉಜ್ಜುವ ಚಕ್ರ

ಸಾಂಗ್ಲಿ ಒಂದು ಸಂಸ್ಥಾನ, ಆರು ಮೈಲಿ ಆಚೆಗಿನ ಮಿರಜ ಇನ್ನೊಂದು ಸಂಸ್ಥಾನ ಆಗಿದ್ದ ಕಾಲದ ಮಾತು ಇದು. ಸಾಂಗ್ಲಿ ಪೇಟೆಯ ಹಿಂದಿನ ನಮ್ಮ ಓಣಿಯಲ್ಲಿ ಗುರುಪಾದಪ್ಪ ಎಂಬವರಿದ್ದರು. ಅಣ್ಣ ಮಹಾಲಿಂಗಪ್ಪನವರ ಬಟ್ಟೆ ಅಂಗಡಿಯಲ್ಲಿ ಗಜಕೋಲು ಹಿಡಿದು ಅರಿವೆ ಅಳೆದು ಹರಿಯುವುದು ಅವರ ಕೆಲಸ. ಇಪ್ಪತ್ತಾರು ವರ್ಷ ಹರಿದರೂ ಅಂಚು ಒಮ್ಮೆಯೂ ನೆಟ್ಟಗೆ ಬಂದಿರಲಿಲ್ಲ. ಆದರೂ ತಾವು ಹುಟ್ಟಿದ್ದು ಯಂತ್ರಗಳಿಗಾಗಿ, ಅರಿವೆಗಾಗಿ ಅಲ್ಲ ಎಂದು ಅವರು ಗಟ್ಟಿಯಾಗಿ ನಂಬಿದ್ದರು.

ಈ ನಂಬಿಕೆಗೆ ಇದ್ದ ಆಧಾರ ಕಾಲು ಗಂಟೆಯದು. ಮಾಧವನಗರದ ಒಂದು ಗಿರಣಿಗೆ ಅರಿವೆಯ ಥಾನು ತರಲು ಹೋದಾಗ ಅಲ್ಲಿಯ ದುರಸ್ತಿ ಕೋಣೆಯ ಬಾಗಿಲಲ್ಲಿ ಅವರು ಅಷ್ಟು ಹೊತ್ತು ನಿಂತಿದ್ದರು. ಒಳಗೆ ದುಂಡನೆಯ ಹಲಗೆಯೊಂದು ನಿಂತ ನಿಲುವಿನಲ್ಲಿ ಗಿರ್ರನೆ ತಿರುಗುತ್ತಿತ್ತು. ಅದರ ಮುಖಕ್ಕೆ ಗಾಜಿನ ಪುಡಿ ಮೆತ್ತಿದ ಉಜ್ಜುಕಾಗದ ಅಂಟಿಸಿದ್ದರು. ಕೆಲಸಗಾರ ಮರದ ತುಂಡನ್ನು ಅದಕ್ಕೆ ತಾಗಿಸಿ ತೆಗೆದರೆ ಮರ ನುಣ್ಣಗಾಗಿರುತ್ತಿತ್ತು. ಆ ಕಾಲು ಗಂಟೆಯನ್ನು ಗುರುಪಾದಪ್ಪ ಮುಂದೆ ಹತ್ತು ವರ್ಷ ವರ್ಣಿಸಿದರು. ನಾವೆಲ್ಲ ಹತ್ತು ವರ್ಷ ಕೇಳಿದೆವು.

ಆ ವರ್ಷ ಶ್ರಾವಣ ಮುಗಿಯುವ ಹೊತ್ತಿಗೆ ಮಹಾಲಿಂಗಪ್ಪನವರ ಕಾಲು ಬಾತವು. ಆಮೇಲೆ ಹೊಟ್ಟೆ, ಆಮೇಲೆ ಮುಖ. ಹೆಂಡತಿ ಎಂದೋ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ತಮ್ಮನೇ ಮಿರಜಿನ ದವಾಖಾನೆಗೆ ಒಯ್ದು ಸೇರಿಸಿದರು. ಮೂರು ವಾರದ ಮೇಲೆ ದಾಕ್ತರು ಗುರುಪಾದಪ್ಪನವರನ್ನು ಹೊರಗೆ ಕರೆದು, ಎದೆ ಸೋತಿದೆ, ಮೈಯಲ್ಲಿ ನೀರು ತುಂಬುತ್ತಿದೆ, ಹದಿನೈದು ದಿನ ಬಿಟ್ಟು ಮನೆಗೆ ಕರೆದುಕೊಂಡು ಹೋಗಿ ಎಂದರು. ಮಲಗಿಸಿದರೆ ಉಸಿರು ಕಟ್ಟುತ್ತದೆ, ಆದ್ದರಿಂದ ನಿದ್ದೆಯೂ ಕೂತೇ ಆಗಬೇಕು ಎಂದರು. ನೀರು ತುಂಬಿದ ಚರ್ಮ, ಮರದ ಒಂದು ಸಿಬಿರು ಚುಚ್ಚಿದರೂ ಗಾಯ ಮಾಯುವುದಿಲ್ಲ ಎಂದೂ ಹೇಳಿದರು.

ಈ ಕೊನೆಯ ಮಾತು ಗುರುಪಾದಪ್ಪನವರ ತಲೆಯಲ್ಲಿ ಕೂತುಬಿಟ್ಟಿತು. ಸೋತ ಎದೆಗೆ, ತುಂಬುವ ನೀರಿಗೆ ಅವರು ಏನೂ ಮಾಡುವಂತಿರಲಿಲ್ಲ. ಸಿಬಿರಿಗೆ ಮಾತ್ರ ಏನಾದರೂ ಮಾಡಬಹುದಿತ್ತು.

ಬಡಿಗ ಅಪ್ಪಣ್ಣನಿಗೆ ಎತ್ತರದ ಬೆನ್ನಿನ, ಅಗಲ ಕೈಗಳ ಕುರ್ಚಿಯೊಂದಕ್ಕೆ ಹೇಳಿದರು. ಅಪ್ಪಣ್ಣ ನಾಲ್ಕೇ ದಿನಕ್ಕೆ ಸಾಗವಾನಿಯ ಬಿಡಿ ಭಾಗಗಳನ್ನು ತಂದು ಅಂಗಳದಲ್ಲಿಟ್ಟ. ಎರಡು ದಿನ ಕೊಟ್ಟರೆ ಕೈಯಿಂದಲೇ ಉಜ್ಜಿ, ಜೋಡಿಸಿ ಕೊಡುತ್ತೇನೆ ಎಂದ. ಗುರುಪಾದಪ್ಪ ಒಂದು ಪಟ್ಟಿಯ ಮೇಲೆ ಬೆರಳಾಡಿಸಿ ತಲೆ ಅಲ್ಲಾಡಿಸಿದರು.

"ಕೈಲೆ ಉಜ್ಜಿದ್ದು ಕಣ್ಣಿಗಷ್ಟ ನುಣ್ಣಗ ಕಾಣತೈತಿ, ಅಪ್ಪಣ್ಣಾ. ಮೈಗೆ ಹತ್ತಿದ ಮ್ಯಾಲೆ ಗೊತ್ತಾಗತೈತಿ. ಇದಕ್ಕ ಚಕ್ರನ ಬೇಕು."

ಹೀಗೆ, ಎರಡು ದಿನದ ಕೆಲಸವನ್ನು ಬೇಗ ಮುಗಿಸುವ ಸಲುವಾಗಿ ಗುರುಪಾದಪ್ಪ ಒಂಬತ್ತು ದಿನ ಯಂತ್ರ ಕಟ್ಟಿದರು.

ಅವರ ಹೆಂಡತಿ ನೀಲಾಬಾಯಿಯವರ ಹತ್ತಿರ ಕಾಲಿನಿಂದ ತುಳಿಯುವ ಹೊಲಿಗೆಯ ಮಶೀನು ಇತ್ತು. ಓಣಿಯ ಹೆಂಗಸರ ಕುಪ್ಪಸಗಳೆಲ್ಲ ಅದರ ಮೇಲೇ ಆಗುತ್ತಿದ್ದವು. ಅವರು ಬಾವಿಗೆ ಹೋದ ಹೊತ್ತು ನೋಡಿ ಗುರುಪಾದಪ್ಪ ಮಶೀನಿನ ತಲೆಯನ್ನು ಬಿಚ್ಚಿ ಜೋಳದ ಚೀಲದ ಮೇಲಿಟ್ಟರು. ಉಳಿದ ಕಬ್ಬಿಣದ ಮೇಜನ್ನು ಹಿತ್ತಲ ಪಡಸಾಲೆಗೆ ಒಯ್ದರು. ಮೇಜಿನ ಮೇಲೆ ತೂತು ಕೊರೆದ ಎರಡು ಮರದ ದಿಮ್ಮಿ ಕೂರಿಸಿದರು. ಆ ತೂತುಗಳಲ್ಲಿ ಕಬ್ಬಿಣದ ಸರಳು, ಸರಳಿನ ನಡುವೆ ಸಣ್ಣ ಗಾಲಿ, ತುದಿಗೆ ಊಟದ ತಟ್ಟೆಯಷ್ಟು ಅಗಲದ ದುಂಡು ಹಲಗೆ. ಕೆಳಗಿನ ದೊಡ್ಡ ಚಕ್ರದಿಂದ ಸಣ್ಣ ಗಾಲಿಗೆ ತೊಗಲಿನ ಪಟ್ಟಿ. ತುಳಿದರೆ ಹಲಗೆ ತಿರುಗಬೇಕು. ತುಳಿದರು, ತಿರುಗಿತು. ಬಾವಿಯಿಂದ ಬಂದ ನೀಲಾಬಾಯಿ ಜೋಳದ ಚೀಲದ ಮೇಲೆ ಮಶೀನಿನ ತಲೆ ಕಂಡು ಕೊಡ ಇಳಿಸಿದರು. ಅಂದಿನಿಂದ ಗಂಡನ ಜೊತೆ ಬೇಕಾದಷ್ಟೇ ಮಾತು ಆಡತೊಡಗಿದರು.

ಕಾಗದ ಅಂಟಿಸುವುದು ಇನ್ನೊಂದು ಕಥೆ. ಮೊದಲು ಜೋಳದ ಹಿಟ್ಟಿನ ಅಂಟು ಹಚ್ಚಿದರು. ಮೂರನೆಯ ಸುತ್ತಿಗೆ ಕಾಗದ ಬಿಟ್ಟು ಹಾರಿ, ಗೋಡೆ ದಾಟಿ, ಪಕ್ಕದ ಮನೆಯ ಸುಶೀಲಾಬಾಯಿ ಒಣಹಾಕಿದ್ದ ಹಪ್ಪಳದ ನಡುವೆ ಬಿತ್ತು. ಅದು ಯಾವ ಬಗೆಯ ಹಪ್ಪಳ ಎಂದು ಅವರು ಸಂಜೆಯವರೆಗೆ ಯೋಚಿಸಿದರು. ಆಮೇಲೆ ಗುರುಪಾದಪ್ಪ ಸಣ್ಣ ಮೊಳೆ ಹೊಡೆದರು. ಮೊಳೆಯ ತಲೆಗಳು ಮರದ ಮೇಲೆ ರಂಟೆ ಹೊಡೆದ ಹೊಲದಂತೆ ಗೆರೆ ಎಳೆದವು. ಕೊನೆಗೆ ಅಪ್ಪಣ್ಣ ಬಡಿಗರ ಅಂಟು ತಂದುಕೊಟ್ಟ. ಅದನ್ನು ಒಲೆಯ ಮೇಲೆ ಕುದಿಯಲಿಟ್ಟಾಗ ಇದು ಯಾತರದ್ದು ಎಂದು ನೀಲಾಬಾಯಿ ಕೇಳಿದರು. ಗುರುಪಾದಪ್ಪ ಸುಳ್ಳು ಹೇಳಲಾರದ ಮನುಷ್ಯ. ದನದ ತೊಗಲಿನದ್ದು ಎಂದರು. ಲಿಂಗಪೂಜೆಯ ಮನೆಯ ಒಲೆ. ನೀಲಾಬಾಯಿ ಗಡಿಗೆಯನ್ನು ಇಕ್ಕಳದಲ್ಲಿ ಹಿಡಿದು ಹಿತ್ತಲಾಚೆ ಇಟ್ಟು ಬಂದು, ಅಡುಗೆಮನೆಯನ್ನು ಮೂರು ಸಲ ಸಾರಿಸಿದರು. ಅಂಟು ಹಿತ್ತಲಲ್ಲಿ ಮೂರು ಕಲ್ಲಿನ ಮೇಲೆ ಎರಡು ದಿನ ಕುದಿಯಿತು. ಅದರ ವಾಸನೆ ಓಣಿಯ ಎರಡೂ ತುದಿ ಮುಟ್ಟಿತು. ಎಲ್ಲೋ ಏನೋ ಕೊಳೆಯುತ್ತಿದೆ ಎಂದು ಜನ ಮೂಗು ಮುಚ್ಚಿಕೊಂಡು ಓಡಾಡಿದರು.

ಕಾಗದ ಹಿಡಿದುಕೊಂಡಿತು. ಆದರೆ ತಿರುಗುವ ಹಲಗೆಯ ಒಂದು ಅರ್ಧ ಕೆಳಕ್ಕಿಳಿಯುತ್ತದೆ, ಇನ್ನೊಂದು ಅರ್ಧ ಮೇಲಕ್ಕೇರುತ್ತದೆ, ಇಳಿಯುವ ಕಡೆಗೇ ಮರ ಹಿಡಿಯಬೇಕು ಎಂಬುದನ್ನು ಮಾಧವನಗರದ ಕೆಲಸಗಾರ ಆ ಕಾಲು ಗಂಟೆಯಲ್ಲಿ ಹೇಳಿರಲಿಲ್ಲ. ಅದನ್ನು ಗುರುಪಾದಪ್ಪ ತಮ್ಮ ಹಣೆಯಿಂದ ತಿಳಿದುಕೊಂಡರು. ಏರುವ ಕಡೆಗೆ ಹಿಡಿದ ಮರದ ಪಟ್ಟಿ ಚಿಮ್ಮಿ ಹುಬ್ಬಿನ ಮೇಲೆ ಬಡಿದು ನಿಂಬೆಹಣ್ಣಿನಷ್ಟು ಊತ ಬಂತು. ಊದಿದ ಹಣೆಗೆ ಅರಿಷಿಣ ಹಚ್ಚಿಕೊಂಡು ಅವರು ಮತ್ತೆ ತುಳಿದರು. ಈ ಸಲ ಪಟ್ಟಿ ಚಿಮ್ಮಲಿಲ್ಲ. ಎತ್ತಿ ನೋಡಿದರು, ಕೆನ್ನೆಗೆ ಒತ್ತಿಕೊಂಡರು. ಕಣ್ಣು ತುಂಬಿತು. ಮರದ ಪುಡಿ ಹೋಗಿತ್ತು ಎಂದು ಅವರೇ ಆಮೇಲೆ ಹೇಳಿದರು.

ಮರುದಿನ ಬಾವಿಯ ಹತ್ತಿರ ಸುಶೀಲಾಬಾಯಿ ಕೇಳಿಯೇಬಿಟ್ಟರು. ಹಿತ್ತಲಲ್ಲಿ ಬೆಳಗಿನಿಂದ ಗುರ್ ಎನ್ನುವುದೇನು, ಹಾರಿ ಬರುವ ಪುಡಿ ಯಾವುದು ಎಂದು. ನೀಲಾಬಾಯಿಯವರಿಗೆ ಮಶೀನಿನ ಸಿಟ್ಟು ಇನ್ನೂ ಇಳಿದಿರಲಿಲ್ಲ. ರೊಟ್ಟಿಯಲ್ಲಿ ಸಾಗವಾನಿಯ ಪುಡಿ ಬರಲು ಹತ್ತಿ ಎರಡು ದಿನವಾಗಿತ್ತು. ಅವರು ಹಗ್ಗ ಜಗ್ಗುತ್ತ, ಮುಖ ತಿರುಗಿಸದೆ ಹೇಳಿದ್ದು ಒಂದೇ ಮಾತು.

"ಭಾವಾರನ್ನ ಕುಂದರಸಾಕ ತಯಾರಿ ನಡದೈತ್ರಿ."

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಮೈತೊಳೆದು, ವಿಭೂತಿ ಹಚ್ಚಿ, ಕೂರಿಸಿ ಹೂ ಏರಿಸುತ್ತೇವೆ. ಮಣ್ಣು ಮಾಡುವುದೂ ಕೂತ ನಿಲುವಿನಲ್ಲೇ. ಆದ್ದರಿಂದ ದವಾಖಾನೆಯಲ್ಲಿರುವ ಹಿರಿಯರನ್ನು ಕೂರಿಸುವ ತಯಾರಿ ನಡೆದಿದೆ ಎಂದು ಮನೆಯ ಸೊಸೆಯೇ ಹೇಳಿದ ಮೇಲೆ ಯಾರೂ ಮರುಪ್ರಶ್ನೆ ಕೇಳುವುದಿಲ್ಲ. ಸುಶೀಲಾಬಾಯಿಯೂ ಕೇಳಲಿಲ್ಲ. ತುಂಬಿದ ಕೊಡವನ್ನು ಅಲ್ಲಿಯೇ ಬಿಟ್ಟು ಸೆರಗು ಬಾಯಿಗೆ ಹಿಡಿದು ಮನೆಗೆ ಹೋದರು. ಎರಡು ದಿನ ಬಂದ ವಾಸನೆ ಎಂತಹದು ಎಂದೂ ಅವರಿಗೆ ಆಗ ಹೊಳೆಯಿತು.

ಓಣಿಯ ಮೂಲೆಯಲ್ಲಿ ಬಾಹುಬಲಿ ಎಂಬ ಜೈನರ ಕಬ್ಬಿಣದ ಅಂಗಡಿ. ಸರಳು, ಮೊಳೆ, ಉಜ್ಜುಕಾಗದ ಎಲ್ಲ ಕೊಟ್ಟವರು ಅವರೇ. ಸುದ್ದಿ ಕಿವಿಗೆ ಬಿದ್ದಾಗ, ಗುರುಪಾದಪ್ಪ ಇಷ್ಟು ಸಾಮಾನು ಯಾಕೆ ಒಯ್ದರೆಂದು ಈಗ ತಿಳಿಯಿತು ಎಂದರು. ಒಳ್ಳೆಯ ಮನುಷ್ಯ. ಮಹಾಲಿಂಗಪ್ಪನವರ ಗೌರವಕ್ಕೆ ಮಟಮಟ ಮಧ್ಯಾಹ್ನ ಅಂಗಡಿಯ ಬಾಗಿಲು ಹಾಕಿದರು. ಅದನ್ನು ನೋಡಿ ಪಕ್ಕದವರು ಹಾಕಿದರು. ಅರಿಷಿಣ ಇಳಿಸಿ ಖಂಡೇರಾಜುರಿಗೆ ಹೊರಟಿದ್ದ ಗಾಡಿಯವನೊಬ್ಬನನ್ನು ನಿಲ್ಲಿಸಿ, ಆ ಊರಿಗೆ ಕೊಟ್ಟ ಮಹಾಲಿಂಗಪ್ಪನವರ ತಂಗಿ ನಾಗವ್ವನವರಿಗೆ ಸುದ್ದಿ ಮುಟ್ಟಿಸಲು ಹೇಳಿದವರೂ ಬಾಹುಬಲಿಯೇ.

ಮರುದಿನ ಮುಂಜಾನೆ ಮಠದ ಕಲ್ಲಯ್ಯನವರು ವಿಭೂತಿಯ ಗಟ್ಟಿ ಹಿಡಿದು ಬಂದು ಬಾಗಿಲಲ್ಲಿ ನಿಂತು, "ಶಿವನ ಇಚ್ಛಾ, ತಾಯಿ" ಎಂದು ಕಣ್ಣು ಒರೆಸಿಕೊಂಡರು. ನೀಲಾಬಾಯಿಯವರ ಕೈಯಲ್ಲಿದ್ದ ಮೊರ ಬಿತ್ತು. ಮಿರಜಿನಿಂದ ಮಠಕ್ಕೆ ಸುದ್ದಿ ಬಂದಿದೆ, ಅಯ್ಯನವರು ಹೇಳಲು ಬಂದಿದ್ದಾರೆ ಎಂದು ಅವರು ತಿಳಿದರು. ಅಳುತ್ತ ಹಿತ್ತಲಿಗೆ ಹೋಗಿ, ಅಂದು ಮೊದಲ ಸಲ ಗಂಡನ ಹೆಗಲ ಮೇಲೆ ಕೈಯಿಟ್ಟು, ಭಾವ ಹೋದರು ಎಂದು ಹೇಳಿದರು.

ಗುರುಪಾದಪ್ಪ ತುಳಿಯುವುದನ್ನು ನಿಲ್ಲಿಸಿದರು. ಚಕ್ರ ತನ್ನಷ್ಟಕ್ಕೆ ಸ್ವಲ್ಪ ಹೊತ್ತು ತಿರುಗಿ ನಿಂತಿತು. ಹಿಂದೆಯೇ ಬಂದ ಕಲ್ಲಯ್ಯನವರು ಮೆಲ್ಲಗೆ, "ಎಷ್ಟೊತ್ತಿಗ್ರಿ?" ಎಂದರು. ಪ್ರಾಣ ಹೋದದ್ದು ಎಷ್ಟು ಹೊತ್ತಿಗೆ ಎಂದು ಅವರ ಪ್ರಶ್ನೆ. ಮಿರಜಿಗೆ ಹೊರಡುವುದು ಎಷ್ಟು ಹೊತ್ತಿಗೆ ಎಂದು ಗುರುಪಾದಪ್ಪ ತಿಳಿದರು.

"ಒಂದ ಕೈ ಉಳದೈತ್ರಿ, ಅಜ್ಜಾರ. ಅದನ್ನಷ್ಟು ಉಜ್ಜಿ ಬಿಡತೀನಿ."

ಹೀಗೆ ಹೇಳಿ ಅವರು ಮತ್ತೆ ತುಳಿಯತೊಡಗಿದರು. ಸತ್ತವರಿಗೆ ಸಿಬಿರು ಚುಚ್ಚುವುದಿಲ್ಲ ಎಂದು ಅವರಿಗೆ ಹೇಳುವ ಧೈರ್ಯ ಯಾರಿಗೂ ಆಗಲಿಲ್ಲ. ಇಂಥ ನಿಷ್ಠೆಯನ್ನು ನಾನು ಎಲ್ಲಿಯೂ ಕಂಡಿಲ್ಲ ಎಂದು ಕಲ್ಲಯ್ಯನವರು ಹೊರಗೆ ಬಂದು ಹೇಳಿದರು. ಇದಾದ ಮೇಲೆ ಉಳಿದ ಅಂಗಡಿಗಳೂ ಬಾಗಿಲು ಹಾಕಿದವು.

ಇಡೀ ಸಾಲು ಬಾಗಿಲು ಹಾಕಿದ್ದನ್ನು ಕಂಡು, ಹುಟ್ಟುಸಾವು ಬರೆದುಕೊಳ್ಳುವ ಕಾರಕೂನ ಪುಸ್ತಕ ಬಗಲಲ್ಲಿಟ್ಟುಕೊಂಡು ಬಂದ. ಮರಾಠಿ ಮನುಷ್ಯ, ಕೆಲಸದಲ್ಲಿ ಬಲು ಅಚ್ಚುಕಟ್ಟು. ತೀರಿಕೊಂಡದ್ದು ಎಲ್ಲಿ ಎಂದು ಕೇಳಿದ. ಮಿರಜಿನಲ್ಲಿ ಎಂದರು ಗುರುಪಾದಪ್ಪ. ಹಾಗಾದರೆ ಅದು ಆ ಸಂಸ್ಥಾನದ ಸಾವು, ನಮ್ಮದಲ್ಲ ಎಂದ ಕಾರಕೂನ. ಮಣ್ಣು ಮಾಡುವುದು ಎಲ್ಲಿ ಎಂದ. ಸಾಂಗ್ಲಿಯಲ್ಲಿ. ಹಾಗಾದರೆ ಮಣ್ಣು ನಮ್ಮದು. ಯಾವ ಹೊತ್ತಿಗೆ ಪ್ರಾಣ ಹೋಯಿತು ಎಂದ. ಗೊತ್ತಿಲ್ಲ ಎಂದರು ಗುರುಪಾದಪ್ಪ. ದುಃಖದಲ್ಲಿರುವವರನ್ನು ಹೆಚ್ಚು ಕೇಳಬಾರದೆಂದು ಕಾರಕೂನ ಎಲ್ಲವನ್ನೂ ಪೆನ್ಸಿಲಿನಲ್ಲಿ ಬರೆದುಕೊಂಡು, ಎರಡೂ ದರ್ಬಾರಗಳ ನಡುವೆ ಪತ್ರವ್ಯವಹಾರವಾಗಬೇಕು ಎಂದು ಹೇಳಿ ಹೋದ.

ಅಷ್ಟರಲ್ಲಿ ಓಣಿಯ ಬಾಯಲ್ಲಿ ಅಳು ಕೇಳಿಸಿತು. ಖಂಡೇರಾಜುರಿಯಿಂದ ಮೂರು ಗಾಡಿ ಬಂದಿದ್ದವು. ಮುಂದಿನ ಗಾಡಿಯಲ್ಲಿ ನಾಗವ್ವ. ಏಳು ವರ್ಷದ ಹಿಂದೆ ಅವರು ಮಗಳನ್ನು ಅಣ್ಣನಿಗೆ ಹಿಡಿಸದ ಮನೆತನಕ್ಕೆ ಕೊಟ್ಟಿದ್ದರು. ಮಹಾಲಿಂಗಪ್ಪ ಮದುವೆಗೆ ಹೋಗಲಿಲ್ಲ. ನಾಗವ್ವ ಆಮೇಲೆ ತವರಿನ ಹೊಸ್ತಿಲು ತುಳಿದಿರಲಿಲ್ಲ. ಈಗ ಗಾಡಿಯಿಂದ ಇಳಿದವರು ಎದೆ ಬಡಿದುಕೊಳ್ಳುತ್ತ, ಹಾಡಿ ಹಾಡಿ ಅಳುತ್ತ ಬಂದರು. ನೆರೆ ಬಂದ ಕೃಷ್ಣಾ ಹೊಳೆಯನ್ನು ಅಣ್ಣ ತನ್ನನ್ನು ಹೆಗಲ ಮೇಲೆ ಹೊತ್ತು ದಾಟಿಸಿದ್ದು, ಜ್ವರ ಬಂದಾಗ ಹನ್ನೊಂದು ದಿನ ತಲೆದಿಂಬಿನ ಹತ್ತಿರ ಕೂತಿದ್ದು, ಎಲ್ಲ ಆ ಅಳುವಿನಲ್ಲಿ ಬಂತು. ಒಳಗೆ ಬಂದು ನೋಡಿದರೆ ಗುರುಪಾದಪ್ಪ ತಲೆಯಿಂದ ಕಾಲಿನವರೆಗೆ ಮರದ ಪುಡಿ ಮೆತ್ತಿಕೊಂಡು ನಿಂತಿದ್ದರು. ದುಃಖ ತಡೆಯದೆ ತಮ್ಮ ಮಣ್ಣಿನಲ್ಲಿ ಹೊರಳಾಡಿದ್ದಾನೆ ಎಂದುಕೊಂಡು ನಾಗವ್ವ ಅವರನ್ನು ತಬ್ಬಿಕೊಂಡರು. ಇಬ್ಬರೂ ಸೀನಿದರು, ಮತ್ತೆ ಅತ್ತರು.

"ಅಣ್ಣನ್ನ ಎಲ್ಲಿ ಕುಂದರಿಸೀರಿ?"

"ಇನ್ನೂ ಮಿರಜದಾಗ ಅದಾನ, ಅಕ್ಕಾ."

ಖಂಡೇರಾಜುರಿ ಮಿರಜಿನ ಆಚೆಗಿದೆ. ದವಾಖಾನೆಯ ಗೋಡೆಯ ಪಕ್ಕದಿಂದಲೇ ನಾಗವ್ವ ಅಳುತ್ತ ಬಂದಿದ್ದರು. ಎತ್ತು ದಣಿದಿದ್ದವು. ಆದರೂ ಗಾಡಿ ತಿರುಗಿಸಿದರು. ಅಪ್ಪಣ್ಣ ಅವಸರದಲ್ಲಿ ಕುರ್ಚಿ ಜೋಡಿಸಿದ. ಹೆಂಗಸರು ಅದಕ್ಕೆ ಚೆಂಡುಹೂವಿನ ಹಾರ ಕಟ್ಟಿದರು. ಕಲ್ಲಯ್ಯನವರು ವಿಭೂತಿಯೊಂದಿಗೆ ಎರಡನೆಯ ಗಾಡಿ ಹತ್ತಿದರು. ಬಾಹುಬಲಿ, ಅಪ್ಪಣ್ಣ ನಡೆದೇ ಬಂದರು. ನಾನೂ ಹೋದೆ.

ದವಾಖಾನೆಯ ಬಾಗಿಲಲ್ಲಿ ಕಾವಲುಗಾರ ಹಾರ ಕಟ್ಟಿದ ಕುರ್ಚಿಯನ್ನು ನೋಡಿ ಸುಮ್ಮನೆ ದಾರಿ ಬಿಟ್ಟ. ಗುರುಪಾದಪ್ಪ ಕುರ್ಚಿಯನ್ನು ತಲೆಯ ಮೇಲೆ ಹೊತ್ತಿದ್ದರು, ಅವರಿಗೆ ನೆಲದ ಹೊರತು ಏನೂ ಕಾಣುತ್ತಿರಲಿಲ್ಲ. ನಾಗವ್ವ ಮುಂದೆ ಅಳುತ್ತ ನಡೆದರು. ಉದ್ದನೆಯ ಪಡಸಾಲೆಯ ಕೊನೆಗೆ ಹೋದವರು ಒಮ್ಮೆಲೇ ನಿಂತರು. ಅಳುವೂ ನಿಂತಿತು. ಹಿಂದಿನವರು ಅವರಿಗೆ ಬಂದು ಡಿಕ್ಕಿ ಹೊಡೆದರು.

ಮಂಚದ ಮೇಲೆ ಐದು ದಿಂಬಿಗೆ ಒರಗಿ ಮಹಾಲಿಂಗಪ್ಪ ಗಂಜಿ ಕುಡಿಯುತ್ತಿದ್ದರು.

ಅವರು ಬಟ್ಟಲು ಕೆಳಗಿಟ್ಟರು. ನಾಗವ್ವನನ್ನು ನೋಡಿದರು. ಕಲ್ಲಯ್ಯನವರ ಕೈಯಲ್ಲಿನ ವಿಭೂತಿ, ಕುರ್ಚಿಯ ಹಾರ, ಬಾಹುಬಲಿಯವರ ರುಮಾಲಿಲ್ಲದ ತಲೆ, ಎಲ್ಲವನ್ನೂ ಒಂದೊಂದಾಗಿ ನೋಡಿದರು. ನಲವತ್ತು ವರ್ಷ ಪೇಟೆಯಲ್ಲಿ ಕೂತ ಮನುಷ್ಯ, ಯಾರೂ ಬಿಡಿಸಿ ಹೇಳುವ ಅಗತ್ಯ ಬೀಳಲಿಲ್ಲ.

"ಯಾರು ಹೋದ್ರು?" ಎಂದು ಕೇಳಿದರು.

ಇಂಥ ಹೊತ್ತಿನಲ್ಲಿ ಮಾತಾಡುವುದು ಅಯ್ಯನವರ ಧರ್ಮವಾದ್ದರಿಂದ ಕಲ್ಲಯ್ಯನವರು ಗಂಟಲು ಸರಿಮಾಡಿಕೊಂಡು, ಹಾಗೇನೂ ಯಾರೂ ಹೋಗಿಲ್ಲ ಎಂದರು.

"ಹಂಗಾರ ಹಾರ ತಗೀರಿ. ಅದರ ದಾರ ಚುಚ್ಚತೈತಿ."

ಹಾರ ತೆಗೆದರು. ಗುರುಪಾದಪ್ಪ, ಅಪ್ಪಣ್ಣ ಇಬ್ಬರೂ ಸೇರಿ ಅವರನ್ನು ಎತ್ತಿ ಕುರ್ಚಿಯಲ್ಲಿ ಕೂರಿಸಿದರು. ಮಹಾಲಿಂಗಪ್ಪ ಬಾತ ಅಂಗೈಗಳನ್ನು ಕುರ್ಚಿಯ ಕೈಗಳ ಮೇಲೆ ಹಿಂದಕ್ಕೂ ಮುಂದಕ್ಕೂ ಆಡಿಸಿದರು. ತಳದಲ್ಲಿ, ಸಂದಿನಲ್ಲಿ, ಯಾರೂ ಮುಟ್ಟದ ಕಡೆಗಳಲ್ಲಿ ಬೆರಳಿಟ್ಟು ಹುಡುಕಿದರು. ಬಟ್ಟೆಯ ಥಾನಿನಲ್ಲಿ ದೋಷ ಹುಡುಕುವಾಗ ಅವರು ಹೀಗೇ ಮಾಡುತ್ತಿದ್ದರು, ಸಿಗದಿದ್ದದ್ದು ಅಪರೂಪ. ಅಂದು ಸಿಗಲಿಲ್ಲ. ಅವರು ತಲೆ ಹಿಂದಕ್ಕೆ ಒರಗಿಸಿ ಉಸಿರು ಬಿಟ್ಟರು. ಗುರುಪಾದಪ್ಪ ಏನೋ ಹೇಳಹೋಗಿ, ಬಹುಶಃ ಚಕ್ರದ ವಿಷಯ, ಹೇಳದೆ ನಿಂತರು.

ಆಮೇಲೆ ಮಹಾಲಿಂಗಪ್ಪ ಕಣ್ಣು ಮುಚ್ಚಿಕೊಂಡೇ ತಂಗಿಯನ್ನು ಕರೆದರು.

"ನಾಗೀ, ಯಾಕ ನಿಲ್ಲಿಸಿದಿ? ನೀ ಒಳಗ ಬರೂವಾಗಿಂದ ಕೇಳಾಕತ್ತಿದ್ದೆ. ಹೊಳಿ ದಾಟಿಸಿದ್ದು ಬಂತು, ಜ್ವರದ್ದು ಬಂತು. ಮದುವಿಗೆ ಬರಲಿಲ್ಲ ಅನ್ನೂದು ಬರಲಿಲ್ಲ."

ನಾಗವ್ವ ಅವರ ಕಾಲ ಹತ್ತಿರ ನೆಲದ ಮೇಲೆ ಕೂತು ಅದನ್ನೂ ಹೇಳಿದರು. ಈ ಸಲ ಹಾಡಿ ಅಲ್ಲ, ಸಿಟ್ಟಿನಲ್ಲಿ, ಬೈದು ಹೇಳಿದರು. ಪಡಸಾಲೆಯ ರೋಗಿಗಳೆಲ್ಲ ಕಿವಿಗೊಟ್ಟರು. ಅಥಣಿ, ಜಮಖಂಡಿ ಕಡೆಯಿಂದ ಬಂದವರಿಗೆ ಮಾತೂ ತಿಳಿಯುತ್ತಿತ್ತು. ಮಹಾಲಿಂಗಪ್ಪ ಒಂದಕ್ಕೂ ಎದುರಾಡಲಿಲ್ಲ. ಎಲ್ಲ ಮುಗಿದ ಮೇಲೆ, ತಪ್ಪಾತು ಎಂದರು. ಅವರ ಬಾಯಿಂದ ಆ ಮಾತು ನಾವು ಯಾರೂ ಅದಕ್ಕೆ ಮುಂಚೆ ಕೇಳಿರಲಿಲ್ಲ.

ಮೂರು ದಿನದ ಮೇಲೆ ಅವರನ್ನು ಕುರ್ಚಿಯ ಸಮೇತ ಸಾಂಗ್ಲಿಗೆ ತಂದೆವು.

ಆದರೆ ಊರು ಗುರುಪಾದಪ್ಪನವರನ್ನು ಬಿಡಲಿಲ್ಲ. ಇದ್ದವರನ್ನು ಸಾಯಿಸಿದ ತಮ್ಮ ಎಂದು ಪೇಟೆಯಲ್ಲಿ ಬೆರಳು ತೋರಿಸಿದರು. ತಾನು ಕೇಳಿದ್ದನ್ನಷ್ಟೇ ಹೇಳಿದೆ ಎಂದರು ಸುಶೀಲಾಬಾಯಿ. ಒಂದೂವರೆ ದಿನದ ವ್ಯಾಪಾರ ಹೋಯಿತೆಂದು ಅಂಗಡಿಕಾರರು ಮುಖ ಊದಿಸಿಕೊಂಡರು. ಕಾರಕೂನ ಬಂದು ಪೆನ್ಸಿಲಿನ ಬರಹವನ್ನು ರಬ್ಬರಿನಿಂದ ಅಳಿಸುತ್ತ, ಇನ್ನು ಮೇಲೆ ಖಾತ್ರಿ ಮಾಡಿಕೊಂಡು ಸಾಯಬೇಕು ಎಂಬ ಅರ್ಥದ ಮಾತಾಡಿದ. ಎಲ್ಲರೂ ಸೇರಿ ವಿಚಾರ ಮಾಡಿ ತಪ್ಪು ಚಕ್ರದ್ದು ಎಂದು ತೀರ್ಮಾನಿಸಿದರು. ಗುರುಪಾದಪ್ಪ ಎಲ್ಲರ ಮನೆಗೂ ಹೋಗಿ ಕೈಮುಗಿದು ಬಂದರು. ಏನು ತಪ್ಪು ಮಾಡಿದೆನೆಂದು ಅವರಿಗೆ ಕೊನೆಯವರೆಗೂ ತಿಳಿಯಲಿಲ್ಲ.

ಮಹಾಲಿಂಗಪ್ಪ ಇಪ್ಪತ್ತುಮೂರು ದಿನ ಆ ಕುರ್ಚಿಯಲ್ಲಿ ಕೂತಿದ್ದರು. ಕೂತೇ ಉಂಡರು, ಕೂತೇ ನಿದ್ದೆ ಮಾಡಿದರು, ಕೂತೇ ತಮ್ಮನನ್ನು ಬೈದರು. ಮೈಮೇಲೆ ಒಂದು ಗೀರೂ ಆಗಲಿಲ್ಲ. ಇಪ್ಪತ್ತನಾಲ್ಕನೆಯ ದಿನ ಮುಂಜಾನೆ ನೀಲಾಬಾಯಿ ಹಾಲು ತಂದಾಗ ಕಣ್ಣು ತೆರೆಯಲಿಲ್ಲ.

ಗುರುಪಾದಪ್ಪ ಓಣಿಗೆ ಬಂದು ಅಣ್ಣ ಹೋದ ಎಂದರು. ಬಾಹುಬಲಿ ಗಿರಾಕಿಗೆ ಮೊಳೆ ತೂಗುತ್ತಿದ್ದರು, ತೂಗುವುದನ್ನು ನಿಲ್ಲಿಸಲಿಲ್ಲ. ಸುಶೀಲಾಬಾಯಿ ಬಾಗಿಲಲ್ಲಿ ನಿಂತು ನಕ್ಕರು. ಕಲ್ಲಯ್ಯನವರು ತಾವು ಹೊರಡುವ ಮೊದಲು ಒಬ್ಬರನ್ನು ಕಳಿಸಿ, ಮೂಗಿನ ಹತ್ತಿರ ಕೈಯಿಟ್ಟು ನೋಡಿ ಬರಲು ಹೇಳಿದರು. ಖಂಡೇರಾಜುರಿಗೆ ಹೋದವನು ಒಬ್ಬನೇ ತಿರುಗಿ ಬಂದ. ಹೋದ ಸಲವೂ ಹೀಗೇ ಹೇಳಿದ್ದರು, ಎತ್ತುಗಳಿಗೆ ಹೊಲದ ಕೆಲಸವಿದೆ ಎಂದು ಅಲ್ಲಿಯ ಗಂಡಸರು ಹೇಳಿ ಕಳಿಸಿದ್ದರು. ಹೊತ್ತು ಏರುತ್ತಿತ್ತು. ಮನೆಯ ಮುಂದೆ ನಾವು ಆರು ಜನ ನಿಂತಿದ್ದೆವು.

ಮಧ್ಯಾಹ್ನ ದಾಟಿದ ಮೇಲೆ ನಾಗವ್ವ ಬಂದರು. ಗಾಡಿ ಇರಲಿಲ್ಲ. ಮಿರಜಿನವರೆಗೆ ನಡೆದು, ಅಲ್ಲಿಂದ ರೈಲಿನಲ್ಲಿ ಬಂದಿದ್ದರು. ಕಾಲೆಲ್ಲ ಧೂಳು. ಅಳುತ್ತಿರಲಿಲ್ಲ. ಓಣಿಯ ಹೆಂಗಸರು ಕಿಟಕಿಗಳಿಂದ ಅವರ ಮುಖವನ್ನೇ ನೋಡುತ್ತಿದ್ದರು, ಇವರು ಅತ್ತರೆ ಸುದ್ದಿ ನಿಜ ಎಂದು. ಗುರುಪಾದಪ್ಪ ಎದ್ದು ನಿಂತು, ಈ ಸಲ ಖರೇ ಅಕ್ಕಾ ಎಂದರು. ತಾವೇ ಏನೋ ಮೋಸ ಮಾಡಿ ಸಿಕ್ಕಿಬಿದ್ದವರ ಹಾಗೆ ಇತ್ತು ಅವರ ದನಿ.

"ಗೊತ್ತೈತಿ" ಎಂದರು ನಾಗವ್ವ.

ಒಳಗೆ ಹೋಗಿ ಅಣ್ಣನ ಮುಖವನ್ನು ಬಹಳ ಹೊತ್ತು ನೋಡಿದರು. ನೀಲಾಬಾಯಿ ಮೆಲ್ಲಗೆ, ಅಳ್ರಿ ಅಕ್ಕಾ, ಎದಿಯಾಗ ಇಟ್ಟುಕೋಬ್ಯಾಡ್ರಿ ಎಂದರು.

"ನಂದು ಮುಗದೈತಿ, ನೀಲಾ. ಆವತ್ತ ಅತ್ತದ್ದೆಲ್ಲಾ ಅವ ಕೂತು ಕೇಳ್ಯಾನ. ಇವತ್ತ ಅತ್ತರ ಯಾರು ಕೇಳ್ತಾರ?"

ಹೀಗೆಂದು ಅವರು ಸೆರಗನ್ನು ನಡುವಿಗೆ ಸಿಕ್ಕಿಸಿಕೊಂಡು, ಅಣ್ಣನ ಮೈತೊಳೆಯಲು ನೀರು ಕಾಯಿಸಬೇಕು, ಕಟ್ಟಿಗೆ ಎಲ್ಲಿದೆ ಎಂದು ಕೇಳುತ್ತ ಹಿತ್ತಲಿಗೆ ಹೋದರು.